ಡಯಾಲಿಸಿಸ್ ಕುರ್ಚಿಯಲ್ಲೇ ಪಾದದ ಪಾಠ: ಯಾವ ಹೊತ್ತಿಗೆ, ಎಷ್ಟು, ಯಾರಿಗೆ?

ಮೂರನೇ_ಪಾಳಿ:
ಸಕ್ಕರೆ ಕಾಯಿಲೆ ಇರುವ ಡಯಾಲಿಸಿಸ್ ರೋಗಿಗಳಿಗೆ ಪಾದದ ಆರೈಕೆ ಹೇಳಿಕೊಡಲು ಒಂದು ಪಾಠ ಸಿದ್ಧ ಮಾಡಬೇಕು. ಸದ್ಯ ಕೈಯಲ್ಲಿರುವುದು ಎಲ್ಲ ಮಧುಮೇಹಿಗಳಿಗೂ ಹಂಚುವ ಎರಡು ಪುಟದ ಕರಪತ್ರ. ದಿನಾ ಪಾದ ತೊಳೆಯಿರಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ, ಉಗುರು ನೇರವಾಗಿ ಕತ್ತರಿಸಿ. ಅದರಲ್ಲಿರುವುದು ಇಷ್ಟೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಕಾಲು ಚಾಚಿಕೊಂಡು ಎದುರಿಗೇ ಕೂತಿರುವವರಿಗೆ ಈ ಕರಪತ್ರ ಸಾಕೇ? ಪಾಠವನ್ನು ಯಾವ ಹೊತ್ತಿಗೆ ಮಾಡಬೇಕು, ಒಂದು ಸಲಕ್ಕೆ ಎಷ್ಟು ಹೇಳಬೇಕು, ಏನನ್ನು ಬಿಡಬೇಕು? ತಿಳಿದವರು ಬಿಡಿಸಿ ಹೇಳಿ.

ಅಂಗಾಲು:
ಸಾಲದು. ಕರಪತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಕಣ್ಣು ಕಾಣುವ, ಸೊಂಟ ಬಗ್ಗುವ, ಕೈಬೆರಳಲ್ಲಿ ಸ್ಪರ್ಶ ಇರುವ ಮನುಷ್ಯನಿಗೆ ಬರೆದದ್ದು. ಮಧುಮೇಹದಿಂದ ಕಿಡ್ನಿ ಹೋದವರಲ್ಲಿ ಬಹಳ ಜನರಿಗೆ ರೆಟಿನಾ ಕೂಡ ಕೆಟ್ಟಿರುತ್ತದೆ. ಮಂಜುಗಣ್ಣಿಗೆ ಕನ್ನಡಿಯಲ್ಲಿ ಕಾಣುವುದು ಪಾದದ ಆಕಾರ ಮಾತ್ರ. ಬೆರಳ ಸಂದಿನ ಬಿರುಕು, ಹಿಮ್ಮಡಿಯ ನಸುಗೆಂಪು ಕಾಣುವುದಿಲ್ಲ. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರ ಹೊಟ್ಟೆಯೊಳಗೆ 2 ಲೀಟರ್ ದ್ರವ ಇರುವಾಗ ಬಗ್ಗಿ ಪಾದ ನೋಡಿ ಅನ್ನುವುದು ತಮಾಷೆಯಾದೀತು. ಅವರಿಗೆ ಸ್ಪಷ್ಟವಾಗಿ ಹೇಳಬೇಕಾದ್ದು: ದ್ರವ ಹೊರಗೆ ಹರಿಸಿದ ಮೇಲೆ, ಹೊಸದು ತುಂಬುವ ಮೊದಲು ಪಾದ ನೋಡಿ.

ಇನ್ನೊಂದು ವಿಷಯ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯಗುಂಪಿನ ವಿಂಗಡಣೆಯಲ್ಲಿ 0ರಿಂದ 3ರವರೆಗೆ ನಾಲ್ಕು ಅಪಾಯದ ಮಟ್ಟಗಳಿವೆ. ಸ್ಪರ್ಶ ಹೋಗಿದ್ದು ಅಥವಾ ರಕ್ತನಾಳ ಕಟ್ಟಿದ್ದು, ಜೊತೆಗೆ ಕಿಡ್ನಿ ಕೊನೆಯ ಹಂತಕ್ಕೆ ಬಂದಿದ್ದರೆ ನೇರ 3ನೇ ಮಟ್ಟ. ಹಿಂದೆ ಹುಣ್ಣಾದವರು, ಬೆರಳು ತೆಗೆಸಿಕೊಂಡವರು ಇರುವ ಸಾಲೇ ಅದು. ಅಂಥವರ ಪಾದವನ್ನು ತಿಳಿದವರು 1ರಿಂದ 3 ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಎಲ್ಲ ಮಧುಮೇಹಿಗಳಿಗೂ ಅನ್ವಯಿಸುವ ‘ವರ್ಷಕ್ಕೊಮ್ಮೆ’ ಇವರಿಗಲ್ಲ. ಹಾಗಾಗಿ ಪಾಠ ಬರೆಯುವ ಮೊದಲು ಯಾರ ಪಾದದ ಸ್ಥಿತಿ ಏನು ಅನ್ನುವ ಪಟ್ಟಿ ಮಾಡಿಕೊಳ್ಳಿ.

ಮೊದಲ_ಗಂಟೆ:
ಹೊತ್ತಿನ ಬಗ್ಗೆ ಹೇಳುತ್ತೇನೆ. ಕೊನೆಯ ಗಂಟೆ ಬೇಡವೇ ಬೇಡ. ಅಷ್ಟು ಹೊತ್ತಿಗೆ ನೀರು ತೆಗೆದು ತೆಗೆದು ಬಿಪಿ ಇಳಿದಿರುತ್ತದೆ, ಕಾಲು ಸೆಳೆತ ಶುರುವಾಗಿರುತ್ತದೆ, ರೋಗಿಯ ಗಮನವೆಲ್ಲ ಗಡಿಯಾರದ ಮೇಲೆ. ಮುಗಿದ ಮೇಲೂ ಬೇಡ. ತಲೆ ಭಾರವಾಗಿ ಮನೆ ಸೇರಿದರೆ ಸಾಕು ಅನ್ನುವ ಹೊತ್ತು ಅದು. ಸೂಜಿ ಹಾಕಿ ಮಷೀನ್ ಸ್ಥಿರವಾದ ಮೇಲೆ, ಸುಮಾರು 20ನೇ ನಿಮಿಷದಿಂದ ಒಂದೂಕಾಲು ಗಂಟೆಯೊಳಗೆ ಮುಗಿಸಿ.

ಒಂದು ಸಲಕ್ಕೆ 5 ನಿಮಿಷ, ಒಂದೇ ವಿಷಯ. ತಿಂಗಳಿಗೆ 12–13 ಸಲ ಬರುವವರಿಗೆ ಒಂದೇ ದಿನ ಹತ್ತು ನಿಯಮ ಹೇಳುವ ಅವಸರ ಏಕೆ? ಒಂದು ದಿನ ಕಾಲುಚೀಲ ಬಿಚ್ಚಿ ಬೆರಳ ಸಂದು ಮಾತ್ರ. ಮುಂದಿನ ಸಲ ಶೂ ಒಳಗೆ ಕೈಹಾಕಿ ತಡವುವುದು ಮಾತ್ರ. ಅದರ ಮುಂದಿನ ಸಲ ಹೊಸದೇನೂ ಹೇಳದೆ ಹಿಂದಿನದನ್ನು ಅವರಿಂದ ಹೇಳಿಸುವುದು.

ಕೈಗವಸು:
ತಡೆಯಿರಿ. ಮೊದಲ ಗಂಟೆ ಸರಿ, ಆದರೆ ಯಾರು ಮಾಡುತ್ತಾರೆ? ಪಾದ ಮುಟ್ಟಿದ ಕೈ ಫಿಸ್ಟುಲಾ (ಡಯಾಲಿಸಿಸ್‌ಗೆಂದು ತೋಳಿನಲ್ಲಿ ಜೋಡಿಸಿದ ರಕ್ತನಾಳ) ಸೂಜಿಗೋ ಕತ್ತಿನ ಕ್ಯಾಥೆಟರ್‌ಗೋ (ರಕ್ತನಾಳದೊಳಗೆ ಹಾಕಿದ ಕೊಳವೆ) ಹೋದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಬೆರಳ ಸಂದಿನಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಲು ಕ್ಯಾಥೆಟರ್‌ಗಿಂತ ಸಲೀಸಾದ ದಾರಿ ಇಲ್ಲ. ಪಾದ ನೋಡುವವರು ಆ ಹೊತ್ತಿಗೆ ಮಷೀನ್ ನೋಡಿಕೊಳ್ಳುವವರಾಗಿರಬಾರದು. ಬೇರೆ ಜನ ಇಲ್ಲವೆಂದರೆ ಕ್ರಮ ಹೀಗೆ: ಮೊದಲು ಸೂಜಿ, ಆಮೇಲೆ ಪಾದ, ಪ್ರತಿ ಪಾದಕ್ಕೂ ಕೈಗವಸು ಬದಲು, ಮುಗಿದ ತಕ್ಷಣ ಕೈಗವಸು ತೆಗೆದು ಕೈ ತೊಳೆದು ಆಮೇಲೆ ಉಳಿದದ್ದು. ನಡುವೆ ಅಲಾರಂ ಹೊಡೆದರೂ ಅದೇ ಕೈಗವಸಿನಲ್ಲಿ ಮಷೀನಿನ ಗುಂಡಿ ಒತ್ತುವಂತಿಲ್ಲ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಮೊನೊಫಿಲಮೆಂಟನ್ನು (ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಹೆಪಟೈಟಿಸ್ ಬಿ ಇರುವವರ ಮಷೀನ್ ಬೇರೆ ಇಟ್ಟ ಹಾಗೆ ಅವರ ಫಿಲಮೆಂಟೂ ಬೇರೆ ಇರಲಿ.

ಮೂರನೇ_ಪಾಳಿ:
ಇದು ತಲೆಗೆ ಹೊಳೆದಿರಲಿಲ್ಲ. ಸ್ಪರ್ಶದ ಪರೀಕ್ಷೆಯನ್ನು ಪಾಠದ ಭಾಗವಾಗಿಯೇ ಮಾಡಬಹುದೇ, ಅಥವಾ ಬೇರೆಯೇ ಇಡಬೇಕೇ?

ಅಂಗಾಲು:
ಪಾಠದ ಮೊದಲ ಭಾಗವೇ ಅದಾಗಲಿ. ‘ನನ್ನ ಕಾಲಿಗೆ ಏನೂ ಆಗಿಲ್ಲ, ನೋವೇ ಇಲ್ಲವಲ್ಲ’ ಅನ್ನುವವರಿಗೆ ಎಷ್ಟು ಮಾತಾಡಿದರೂ ನಾಟುವುದಿಲ್ಲ. ಮುಟ್ಟಿದ್ದು ಗೊತ್ತಾಗಲಿಲ್ಲ ಎಂದು ಅವರಿಗೇ ತಿಳಿದಾಗ ನಾಟುತ್ತದೆ.

10 ಗ್ರಾಂ ಬಲಕ್ಕೆ ಬಾಗುವ ಮೊನೊಫಿಲಮೆಂಟ್ ಬಳಸುವ ಕ್ರಮ: ಮೊದಲು ಕೈಗೋ ಮೊಣಕೈ ಒಳಭಾಗಕ್ಕೋ ಮುಟ್ಟಿಸಿ ‘ಇದು ಹೀಗಿರುತ್ತದೆ’ ಎಂದು ತಿಳಿಸಿ. ಕಣ್ಣು ಮುಚ್ಚಿಸಿ. ಹೆಬ್ಬೆರಳ ಅಡಿ, ಹೆಬ್ಬೆರಳ ಬುಡದ ದಿಂಡು, ಕಿರುಬೆರಳ ಬುಡದ ದಿಂಡು: ಎರಡೂ ಪಾದಗಳಲ್ಲಿ ಈ ಮೂರು ಜಾಗ. ಎಳೆಯನ್ನು ಚರ್ಮಕ್ಕೆ ನೆಟ್ಟಗೆ ಹಿಡಿದು ಬಾಗುವಷ್ಟು ಒತ್ತಿ. ಇಡುವುದು, ಬಾಗಿಸುವುದು, ತೆಗೆಯುವುದು ಎಲ್ಲ ಸೇರಿ ಸುಮಾರು 2 ಸೆಕೆಂಡ್. ಎಳೆದಾಡಬೇಡಿ. ಜಡ್ಡುಗಟ್ಟಿದ ಚರ್ಮದ ಮೇಲೆ, ಹುಣ್ಣಿನ ಮೇಲೆ ಬೇಡ, ಪಕ್ಕದಲ್ಲಿ ಇಡಿ. ಪ್ರತಿ ಜಾಗಕ್ಕೆ 3 ಪ್ರಶ್ನೆ: ಎರಡು ಸಲ ನಿಜವಾಗಿ ಮುಟ್ಟಿ, ಒಂದು ಸಲ ಮುಟ್ಟದೆಯೇ ಕೇಳಿ. 3ರಲ್ಲಿ 2 ಸರಿಯಾದರೆ ಆ ಜಾಗದಲ್ಲಿ ಸ್ಪರ್ಶ ಇದೆ. ‘ಈಗ ಮುಟ್ಟಿದೆನಾ?’ ಎಂದು ಒಂದೇ ಲಯದಲ್ಲಿ ಕೇಳುತ್ತಾ ಹೋದರೆ ರೋಗಿ ಊಹಿಸಿ ಹೂಂಗುಟ್ಟುತ್ತಾರೆ, ಲಯ ಮುರಿಯಿರಿ.

ಒಂದೇ ಎಳೆಯಲ್ಲಿ ಇಡೀ ಪಾಳಿಯನ್ನು ಮುಗಿಸಬೇಡಿ. 10–15 ಜನರ ನಂತರ ಅದಕ್ಕೆ 24 ಗಂಟೆ ಬಿಡುವು ಕೊಡಬೇಕು, 70–90 ಜನರ ನಂತರ ಬಿಸಾಡಬೇಕು. ದಣಿದ ನೈಲಾನ್ 10 ಗ್ರಾಂಗೆ ಮೊದಲೇ ಬಾಗುತ್ತದೆ, ಆಗ ಸ್ಪರ್ಶ ಇದ್ದವರೂ ಇಲ್ಲದವರ ಪಟ್ಟಿಗೆ ಸೇರುತ್ತಾರೆ.

ಎಳೆ ಇಲ್ಲದಿದ್ದರೆ ತೋರುಬೆರಳ ತುದಿ ಸಾಕು. ಎರಡೂ ಪಾದಗಳ 1, 3, 5ನೇ ಬೆರಳ ತುದಿಯನ್ನು 1–2 ಸೆಕೆಂಡ್ ಹಗುರವಾಗಿ ಮುಟ್ಟಿ. 6ರಲ್ಲಿ 2 ಅಥವಾ ಹೆಚ್ಚು ಜಾಗ ಗೊತ್ತಾಗದಿದ್ದರೆ ಸ್ಪರ್ಶ ಹೋಗಿದೆ ಎಂದೇ ಲೆಕ್ಕ. ಇದನ್ನು ಮನೆಯವರಿಗೂ ಎರಡೇ ನಿಮಿಷದಲ್ಲಿ ಕಲಿಸಬಹುದು. ಒತ್ತಬಾರದು, ತಟ್ಟಬಾರದು, ಸವರಬಾರದು. ಕಲಿಯುವವರು ಮೊದಲು ಮಾಡುವ ತಪ್ಪು ಈ ಮೂರೇ.

ನಾಡಿ_ಮಿಡಿತ:
ಸ್ಪರ್ಶದ ಜೊತೆಗೆ ರಕ್ತದ ಹರಿವು. ಡಯಾಲಿಸಿಸ್‌ನವರಲ್ಲಿ ಇಲ್ಲೊಂದು ಬಲೆ ಇದೆ. ಹರಡಿನ (ಪಾದದ ಗಂಟಿನ) ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದರ್ಥ, ಸರಿ. ಆದರೆ ಇವರ ನಾಳದ ಗೋಡೆಯ ನಡುಪದರದಲ್ಲಿ ಸುಣ್ಣ ಕೂತು ನಾಳ ಕೊಳವೆಯಂತೆ ಗಟ್ಟಿಯಾಗಿರುತ್ತದೆ, ಪಟ್ಟಿ ಎಷ್ಟು ಬಿಗಿದರೂ ಅಮುಕಲಾಗುವುದಿಲ್ಲ. ತೋಳಿನಲ್ಲಿ 140, ಹರಡಿನಲ್ಲಿ 210 ಬಂದರೆ ಅನುಪಾತ 1.5. ಅದು ಒಳ್ಳೆಯ ರಕ್ತಸಂಚಾರವಲ್ಲ, ಅಳತೆ ಕೆಟ್ಟಿದೆ ಎಂಬುದರ ಗುರುತು. ಅದೇ ಕಾಲಿನ ಹೆಬ್ಬೆರಳಿನಲ್ಲಿ 45 ಇರಬಹುದು. 45ನ್ನು 140ರಿಂದ ಭಾಗಿಸಿದರೆ 0.32, 0.7ಕ್ಕಿಂತ ಎಷ್ಟೋ ಕೆಳಗೆ. ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕೂರುವುದು ಕಡಿಮೆ, ಹಾಗಾಗಿ ಬೆರಳಿನ ಒತ್ತಡವನ್ನೇ ನಂಬಿ. ಹುಣ್ಣು ಇದ್ದು ಆ ಒತ್ತಡ 30ಕ್ಕಿಂತ ಕೆಳಗಿದ್ದರೆ ರಕ್ತನಾಳದ ವೈದ್ಯರಿಗೆ ತುರ್ತಾಗಿ ಕಳಿಸಬೇಕು.

ಫಿಸ್ಟುಲಾ ಇರುವ ತೋಳಿಗೆ ಪಟ್ಟಿ ಕಟ್ಟಬಾರದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಪಾದ ಪರೀಕ್ಷೆಗೆ ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ಇನ್ನು, ಊದಿದ ಪಾದದಲ್ಲಿ ನಾಡಿ ಸಿಗದಿದ್ದರೆ ‘ನಾಡಿ ಇಲ್ಲ’ ಎಂದು ಬರೆಯಬೇಡಿ. ‘ಊತದಿಂದ ಸಿಗಲಿಲ್ಲ’ ಎಂದು ಬರೆದು ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) ಹತ್ತಿರ ಇರುವ ದಿನ ಮತ್ತೆ ನೋಡಿ.

‘ಬಣ್ಣದ ದ್ರವ ಹಾಕಿದರೆ ಕಿಡ್ನಿ ಹಾಳಾಗುತ್ತದೆ’ ಎಂದು ಆಂಜಿಯೋಗ್ರಾಂ ಮುಂದೂಡುವುದು ಡಯಾಲಿಸಿಸ್ ರೋಗಿಯ ವಿಷಯದಲ್ಲಿ ವಿಚಿತ್ರ. ಮೂತ್ರ ಇನ್ನೂ ಬರುತ್ತಿರುವವರಲ್ಲಿ ಯೋಚಿಸಬೇಕು, ಆದರೆ ಕಾಲು ಹೋಗುವಷ್ಟು ಕಾಯಬಾರದು.

ಹಿಮ್ಮಡಿ:
ಎಲ್ಲರೂ ಬೆರಳ ಸುತ್ತಲೇ ಮಾತಾಡುತ್ತಿದ್ದೀರಿ. ಆ ಕುರ್ಚಿಯೇ ಹುಣ್ಣು ಮಾಡುವ ಜಾಗ ಹಿಮ್ಮಡಿ. 4 ಗಂಟೆ ಅಲುಗಾಡದ ಕಾಲು, ಇಳಿಯುತ್ತಿರುವ ಬಿಪಿ, ಮೊದಲೇ ಕಡಿಮೆ ರಕ್ತ. ಡಯಾಲಿಸಿಸ್ ನಡೆಯುವಾಗ ಪಾದದ ಚರ್ಮದಲ್ಲಿ ಆಮ್ಲಜನಕ ಇಳಿಯುವುದನ್ನು ಅಳತೆ ಮಾಡಿಯೇ ನೋಡಿದ್ದಾರೆ. ಅಂಥ ಹೊತ್ತಿನಲ್ಲಿ ಹಿಮ್ಮಡಿ ರೆಕ್ಸಿನ್ ಮೇಲೆ ಊರಿಕೊಂಡಿರುತ್ತದೆ.

ದಿಂಬನ್ನು ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ಇಡಬೇಕು. ಮೊಣಕಾಲಿನ ಕೆಳಗಿನಿಂದ ಹರಡಿನ ಮೇಲಿನವರೆಗೆ ಭಾರ ಹಂಚುವಷ್ಟು ಉದ್ದ ಇರಲಿ, ಮೊಣಕಾಲು ಒಂಚೂರು ಬಾಗಿರಲಿ, ಹಿಮ್ಮಡಿ ಗಾಳಿಯಲ್ಲಿ ತೇಲಲಿ. ಕೆಳಗೆ ಒಂದು ಹಾಳೆ ತೂರಿಸಿ ಎಳೆದರೆ ಎಲ್ಲೂ ತಾಗದೆ ಬರಬೇಕು. ಸುತ್ತಿದ ಟವೆಲ್ ಹರಡಿನ ಹಿಂದೆ ಇಟ್ಟರೆ ಅಲ್ಲಿನ ಸ್ನಾಯುರಜ್ಜುವಿನ ಮೇಲೆಯೇ ಹುಣ್ಣಾಗುತ್ತದೆ, ಅದು ಬೇಡ. ಗಾಳಿ ತುಂಬಿದ ಉಂಗುರವೂ ಬೇಡ, ಅಂಚಿನ ಸುತ್ತ ರಕ್ತ ಕಟ್ಟುತ್ತದೆ.

ಬಹಳ ಜನ ತಪ್ಪಿಸಿಕೊಳ್ಳುವ ಗಳಿಗೆ ಇದು: ಬಿಪಿ ಬಿತ್ತು, ಕುರ್ಚಿಯ ತಲೆ ಇಳಿಸಿ ಕಾಲು ಎತ್ತಿದರು. ಮೈ ತಲೆಯ ಕಡೆಗೆ ಜಾರುತ್ತದೆ, ಹಿಮ್ಮಡಿ ರೆಕ್ಸಿನ್‌ಗೆ ಉಜ್ಜಿಕೊಂಡು ಹೋಗುತ್ತದೆ, ದಿಂಬು ಎಲ್ಲೋ ಇರುತ್ತದೆ. ಬಿಪಿ ಏರಿದ ಮೇಲೆ ಕುರ್ಚಿ ನೇರ ಮಾಡುತ್ತಾರೆ, ದಿಂಬು ಸರಿಮಾಡುವುದಿಲ್ಲ. ಬಿಪಿ ಬಿದ್ದದ್ದನ್ನು ಚಾರ್ಟ್‌ನಲ್ಲಿ ಬರೆಯುವ ಸಾಲಿನ ಪಕ್ಕದಲ್ಲೇ ‘ಹಿಮ್ಮಡಿ ನೋಡಿದೆ’ ಎಂದು ಇನ್ನೊಂದು ಚೌಕ ಹಾಕಿ. ಉದ್ದ ಇರುವವರ ಹಿಮ್ಮಡಿ ಕಾಲುಹಲಗೆಯ ಲೋಹದ ಅಂಚಿನ ಮೇಲೆ ಬರುತ್ತದೆ, ಅದನ್ನೂ ನೋಡಿ. ಸೆಳೆತ ಬಂದಾಗ ಕಾಲುಹಲಗೆಗೆ ಅಂಗಾಲು ಒದ್ದು ಹಿಡಿಯುವವರಿದ್ದಾರೆ. ಶೂ ಇಲ್ಲದೆ ಹಾಗೆ ಒತ್ತಲು ಬಿಡಬೇಡಿ, ಮೀನಖಂಡವನ್ನು ಹಿಗ್ಗಿಸುವುದು ಸಹಾಯಕರ ಕೈಯಿಂದ ಆಗಲಿ.

ಮೊದಲ_ಗಂಟೆ:
ಹಿಮ್ಮಡಿಯವರ ಮಾತಿಗೆ ಚಳಿಯನ್ನೂ ಸೇರಿಸಿ. ಬಿಪಿ ಬೀಳದಿರಲೆಂದು ಡಯಾಲಿಸೇಟ್ (ಮಷೀನಿನಲ್ಲಿ ರಕ್ತ ಶುದ್ಧಮಾಡುವ ದ್ರವ) ತಾಪವನ್ನು 36 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಕೆಳಗೆ ಇಡುವುದುಂಟು. ಆಗ ಪಾದ ತಣ್ಣಗಾಗಿ ‘ಬಿಸಿನೀರಿನ ಚೀಲ ತಂದುಕೊಡಿ’ ಅನ್ನುತ್ತಾರೆ. ಸ್ಪರ್ಶ ಇಲ್ಲದ ಪಾದಕ್ಕೆ ಬಿಸಿನೀರಿನ ಚೀಲ, ವಿದ್ಯುತ್ ಪ್ಯಾಡ್, ಬಿಸಿ ತುಂಬಿದ ಬಾಟಲಿ ಯಾವುದೂ ಕೂಡದು. ಸುಟ್ಟದ್ದು ಗೊತ್ತಾಗುವುದೇ ಮರುದಿನ ಬೊಬ್ಬೆ ಎದ್ದಾಗ. ಸಡಿಲವಾದ ಉಣ್ಣೆಯ ಕಾಲುಚೀಲ, ಮೇಲೊಂದು ಹೊದಿಕೆ, ಅಷ್ಟೆ. ಮನೆಯಲ್ಲಿ ಪಾದ ತೊಳೆಯುವ ನೀರೂ 37 ಡಿಗ್ರಿ ದಾಟಬಾರದು. ನೀರನ್ನು ಕೈಬೆರಳಿನಿಂದ ಪರೀಕ್ಷಿಸಿ ಎಂದು ಹೇಳಬೇಡಿ, ಇವರ ಬೆರಳೂ ಜೋಮು ಹಿಡಿದಿರುತ್ತದೆ. ಮೊಣಕೈ ಮುಟ್ಟಿಸಲಿ, ಅಥವಾ ಮನೆಯವರ ಮೊಣಕೈ. ನೆನೆಸಿಡುವುದು ಬೇಡ, ನೆನೆದ ಚರ್ಮ ಬೆರಳ ಸಂದಿನಲ್ಲಿ ಬಿಳುಚಿ ಹರಿಯುತ್ತದೆ.

ತೊಗಲು:
ಶೂ ವಿಷಯ ಇನ್ನೂ ಯಾರೂ ಎತ್ತಿಲ್ಲ. ಡಯಾಲಿಸಿಸ್ ರೋಗಿಯ ಪಾದಕ್ಕೆ ಒಂದೇ ಅಳತೆ ಇಲ್ಲ. ಎರಡು ದಿನದ ಬಿಡುವಿನ ನಂತರ 2–3 ಕಿಲೋ ನೀರು ತುಂಬಿಕೊಂಡು ಬರುವಾಗಿನ ಪಾದ ಬೇರೆ, 4 ಗಂಟೆಯ ನಂತರ ಎದ್ದು ಹೋಗುವಾಗಿನ ಪಾದ ಬೇರೆ. ಬೆಳಗ್ಗೆ ಹಾಕಿಕೊಂಡು ಬಂದಾಗ ಬಿಗಿಯಿದ್ದ ಶೂ ಹೋಗುವಾಗ ಲೊಡಬಡ ಅನ್ನುತ್ತದೆ. ಬಿಗಿಯಿದ್ದಾಗ ಕಿರುಬೆರಳ ಹೊರಬದಿ ಒತ್ತಿ ಹುಣ್ಣು, ಸಡಿಲವಾದಾಗ ಹಿಮ್ಮಡಿ ಜಾರಿ ಬೊಬ್ಬೆ.

ಅಳತೆಯನ್ನು ಪಾದ ಅತಿ ದೊಡ್ಡದಿರುವಾಗ, ಅಂದರೆ ಉದ್ದ ಬಿಡುವಿನ ನಂತರ ಡಯಾಲಿಸಿಸ್‌ಗೆ ಮೊದಲು, ನಿಂತುಕೊಂಡು ತೆಗೆದುಕೊಳ್ಳಿ. ಒಳಗಿನ ಉದ್ದ ಅತಿ ಉದ್ದದ ಬೆರಳಿಗಿಂತ 1–2 ಸೆಂಟಿಮೀಟರ್ ಹೆಚ್ಚು. ಅಗಲ ಬೆರಳ ಬುಡದ ಅತಿ ಅಗಲದ ಜಾಗಕ್ಕೆ ಸಮ. ಬೆರಳುಗಳ ಮೇಲೆ ತೊಗಲು ಒತ್ತದಷ್ಟು ಎತ್ತರ. ಮುಚ್ಚುವುದಕ್ಕೆ ಲೇಸ್ ಅಲ್ಲ, ಎರಡು ಅಗಲವಾದ ಅಂಟುಪಟ್ಟಿ. ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಎರಡು ಗೆರೆ ಹಾಕಿ: ಒಂದು ‘ಬರುವಾಗ’, ಇನ್ನೊಂದು ‘ಹೋಗುವಾಗ’. ಕಣ್ಣು ಮಂಜಾದವರಿಗೆ ಗೆರೆಯ ಬದಲು ದಪ್ಪ ದಾರದ ಹೊಲಿಗೆ, ತಡವಿದರೆ ಸಿಗುವಂತೆ. ಕುರ್ಚಿಯಿಂದ ಇಳಿಯುವ ಮೊದಲು ಪಟ್ಟಿಯನ್ನು ಎರಡನೇ ಗುರುತಿಗೆ ಎಳೆಯುವುದು ಕೂಡ ಪಾಠದ ಒಂದು ಭಾಗವಾಗಲಿ.

ಕಾಲುಚೀಲ ತಿಳಿಬಣ್ಣದ್ದಿರಲಿ, ರಕ್ತ, ಕೀವು ಕಾಣಬೇಕು. ಹೊಲಿಗೆ ಹೊರಗೆ ಬರುವಂತೆ ತಿರುವಿ ಹಾಕಿ. ಬಿಚ್ಚಿದಾಗ ಚರ್ಮದಲ್ಲಿ ಉಂಗುರದಂತೆ ಅಚ್ಚು ಬಿದ್ದಿದ್ದರೆ ಅದರ ಎಲಾಸ್ಟಿಕ್ ಹೆಚ್ಚು ಬಿಗಿ. ಊತಕ್ಕೆಂದು ಬಿಗಿ ಬ್ಯಾಂಡೇಜ್ ಕಟ್ಟುವುದಕ್ಕೆ ಮೊದಲು ಬೆರಳಿನ ರಕ್ತದ ಒತ್ತಡ ಗೊತ್ತಿರಲೇಬೇಕು.

ಮೂರನೇ_ಪಾಳಿ:
ಎರಡು ಗೆರೆಯ ಉಪಾಯ ಪಾಠದಲ್ಲಿ ಸೇರಿತು. ಇನ್ನೊಂದು ಪ್ರಶ್ನೆ. ಒಣಗಿದ ಚರ್ಮಕ್ಕೆ 10% ಯೂರಿಯಾ ಕ್ರೀಮ್ ಎಂದು ಬರೆದರೆ ರೋಗಿಗಳು ಹೆದರುತ್ತಾರೆ. ‘ರಕ್ತದಲ್ಲಿ ಯೂರಿಯಾ ಹೆಚ್ಚಾಗಿದೆ ಅಂತಲೇ ಡಯಾಲಿಸಿಸ್ ಮಾಡುತ್ತೀರಿ, ಮತ್ತೆ ಕಾಲಿಗೆ ಯೂರಿಯಾ ಹಚ್ಚಿ ಅಂತೀರಲ್ಲ?’ ಇದಕ್ಕೆ ಏನು ಉತ್ತರ?

ಚರ್ಮದ_ಮಾತು:
ಪ್ರಶ್ನೆ ನ್ಯಾಯವಾದದ್ದೇ, ನಗಬೇಡಿ. ಉತ್ತರ ಲೆಕ್ಕದಲ್ಲಿದೆ. ಎರಡು ಪಾದಕ್ಕೆ ಒಂದು ಸಲ ಬೇಕಾಗುವ ಕ್ರೀಮ್ ಸುಮಾರು 4 ಗ್ರಾಂ. 10% ಅಂದರೆ ಅದರಲ್ಲಿ ಯೂರಿಯಾ 0.4 ಗ್ರಾಂ. ಅಷ್ಟೂ ಒಳಗೆ ಹೋಗುವುದಿಲ್ಲ, ಹೆಚ್ಚಿನದು ಚರ್ಮದ ಮೇಲ್ಪದರದಲ್ಲೇ ನೀರು ಹಿಡಿದು ಕೂರುತ್ತದೆ. ತಿಂದ ಪ್ರೋಟೀನ್‌ನಿಂದ ದೇಹ ದಿನಕ್ಕೆ ಮಾಡುವ ಯೂರಿಯಾ ಹಲವಾರು ಗ್ರಾಂ. ‘ಅದರ ಮುಂದೆ ಇದು ಲೆಕ್ಕಕ್ಕಿಲ್ಲ’ ಎಂದು ಹೇಳಿ. ಆದರೂ ಮನಸ್ಸು ಒಪ್ಪದಿದ್ದರೆ ಸಾದಾ ಪೆಟ್ರೋಲಿಯಂ ಜೆಲ್ಲಿ ಕೊಡಿ, ಹಚ್ಚದೆ ಇಡುವ ಒಳ್ಳೆಯ ಕ್ರೀಮ್‌ಗಿಂತ ಹಚ್ಚುವ ಸಾದಾ ಜೆಲ್ಲಿ ಮೇಲು. ಬೆರಳ ಸಂದಿಗೆ ಯಾವುದೂ ಬೇಡ. ಹಚ್ಚಿಕೊಂಡು ಬರಿಗಾಲಲ್ಲಿ ನಡೆದರೆ ಜಾರಿ ಬೀಳುತ್ತಾರೆ, ರಾತ್ರಿ ಮಲಗುವಾಗ ಹಚ್ಚಿ ಕಾಲುಚೀಲ ಹಾಕಲಿ.

ತುರಿಕೆ ಬಗ್ಗೆಯೂ ಕೇಳಿ. ಕಿಡ್ನಿ ತುರಿಕೆ ಇರುವವರು ರಾತ್ರಿ ಇನ್ನೊಂದು ಪಾದದ ಹಿಮ್ಮಡಿಯಿಂದ ಕಣಕಾಲು ಕೆರೆದುಕೊಳ್ಳುತ್ತಾರೆ. ಗೀರು ಇರುವುದು ಕಣಕಾಲಿನ ಮೇಲೆ. ಪಾದ ಮಾತ್ರ ನೋಡುವವರಿಗೆ ಕಾಣುವುದಿಲ್ಲ. ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿಸಿ.

ಸಂದೇಹಿ:
ಎಲ್ಲ ಸರಿ, ಒಂದು ಕೊಂಕು ತೆಗೆಯುತ್ತೇನೆ. 2014ರ ಕಾಕ್ರೇನ್ ವಿಮರ್ಶೆ (ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ) ಓದಿದವರಿಗೆ ಗೊತ್ತು: ಪಾಠ ಹೇಳಿದರೆ ರೋಗಿಗಳ ತಿಳಿವಳಿಕೆ ಒಂದಷ್ಟು ದಿನ ಹೆಚ್ಚುತ್ತದೆ, ಆದರೆ ಪಾಠವೊಂದರಿಂದಲೇ ಹುಣ್ಣು, ಅಂಗಚ್ಛೇದ ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಪಾಠಕ್ಕೆ ಸಹಿ ಹಾಕಿಸಿಕೊಂಡು ಕಡತದಲ್ಲಿಟ್ಟರೆ ಕಾಲು ಉಳಿಯುವುದಿಲ್ಲ. ಉಳಿಸುವುದು ಯಾರಾದರೂ ಆ ಕಾಲುಚೀಲ ಬಿಚ್ಚಿ ನೋಡುವುದು.

ಅಂಗಾಲು:
ಒಪ್ಪಿದೆ, ಆದರೆ ಅದನ್ನೇ ಪಾಠ ಎನ್ನುತ್ತಿದ್ದೇನೆ. ಪ್ರತಿ ರೋಗಿಗೂ ತಿಂಗಳಿಗೆ ಒಂದು ನಿಗದಿತ ದಿನ ಎರಡೂ ಕಾಲುಚೀಲ ಬಿಚ್ಚಲಿ, ಸ್ಪರ್ಶ ಹೋದವರಿಗೆ ವಾರಕ್ಕೊಮ್ಮೆ. ಹುಣ್ಣು ಇರುವವರಿಗೆ ಪ್ರತಿ ಸಲವೂ. ನೋಡುವಾಗ ಬಾಯಿಬಿಟ್ಟು ಹೇಳುತ್ತಾ ನೋಡಿ: ‘ಈಗ ನಾಲ್ಕನೇ ಸಂದು ಬಿಡಿಸ್ತಿದ್ದೇನೆ, ಬಿಳುಚಿಕೊಂಡಿದೆಯಾ ನೋಡ್ತಿದ್ದೇನೆ. ಈಗ ಹಿಮ್ಮಡಿ ಅಂಚು, ಬಿರುಕು ಇದೆಯಾ ಅಂತ.’ ಕ್ರಮ ಎಂದೂ ಬದಲಾಗಬಾರದು: ಉಗುರು, ಸಂದು, ಬೆರಳ ಮೇಲ್ಭಾಗ, ಅಂಗಾಲಿನ ದಿಂಡು, ಹಿಮ್ಮಡಿ, ಹರಡು. ಹತ್ತು ಸಲ ಅದೇ ಕ್ರಮ ಕೇಳಿದವರಿಗೆ ಅದು ಬಾಯಿಪಾಠವಾಗುತ್ತದೆ.

‘ಅರ್ಥವಾಯಿತಾ?’ ಎಂದು ಕೇಳಲೇಬೇಡಿ, ಎಲ್ಲರೂ ಆಯಿತು ಎನ್ನುತ್ತಾರೆ. ‘ಸಂಜೆ ಮನೆಯಲ್ಲಿ ನಿಮ್ಮ ಕಾಲು ನೋಡುವವರಿಗೆ ಎಲ್ಲೆಲ್ಲಿ ನೋಡಬೇಕು ಅಂತ ಹೇಳ್ತೀರಿ?’ ಎಂದು ಕೇಳಿ. ಬಿಟ್ಟ ಜಾಗ ಯಾವುದೋ ಅದೇ ಮುಂದಿನ ಸಲದ ಪಾಠ. ಡಯಾಲಿಸಿಸ್‌ನವರಲ್ಲಿ ನೆನಪು, ಏಕಾಗ್ರತೆ ಕುಂದಿರುವುದು ಸಾಮಾನ್ಯ. ಪದೇಪದೇ ಮರೆಯುವುದನ್ನು ಹಟ ಎಂದುಕೊಳ್ಳಬೇಡಿ.

ಮೊದಲ_ಗಂಟೆ:
ಅದಕ್ಕೇ ‘ಎರಡನೇ ಕಣ್ಣು’ ಯಾರದು ಎಂದು ಕಡತದಲ್ಲಿ ಬರೆದಿಡಬೇಕು: ಹೆಂಡತಿಯೋ, ಮಗನೋ, ನೆರೆಮನೆಯವರೋ. ಪಾಠ ಅವರಿಗೂ ಆಗಬೇಕು. ಕರೆದುಕೊಂಡು ಹೋಗಲು ಬರುವಾಗ ಹತ್ತು ನಿಮಿಷ ಮುಂಚೆ ಬರಲು ಹೇಳಿದರೆ ಸಾಕು. ಒಬ್ಬರೇ ಇರುವವರಿಗೆ ಮೊಬೈಲ್ ಕ್ಯಾಮೆರಾವನ್ನು ನೆಲದ ಮೇಲೆ ಮಲಗಿಸಿ, ಕುರ್ಚಿಯಲ್ಲಿ ಕೂತು ಪಾದವನ್ನು ಅದರ ಮೇಲೆ ಒಂದಡಿ ಎತ್ತರದಲ್ಲಿ ಹಿಡಿದು ಟೈಮರ್ ಫೋಟೊ ತೆಗೆಯುವುದನ್ನು ಕಲಿಸಿ. ಫೋಟೊ ಹಿಗ್ಗಿಸಿ ನೋಡಬಹುದು, ಕನ್ನಡಿಯಲ್ಲಿ ಅದಾಗುವುದಿಲ್ಲ.

ಕೀವು:
ಕಂಡರೆ ಏನು ಮಾಡಬೇಕು ಎಂಬುದನ್ನು ಮೂರು ಸಾಲಿನಲ್ಲಿ ಕಲಿಸಿ. ಚರ್ಮ ಒಡೆದಿದ್ದರೆ ಹರಿಯುವ ಶುದ್ಧ ನೀರಲ್ಲಿ ತೊಳೆದು ಒಣ ಗಾಜ್ ಹಾಕಿ. ಬೊಬ್ಬೆ ಒಡೆಯಬೇಡಿ. ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ, ಅದೇ ದಿನ ಫೋನ್ ಮಾಡಿ, ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ. ಆಣಿಗೆ ಹಚ್ಚುವ ಆಮ್ಲದ ಪ್ಲಾಸ್ಟರ್, ಬ್ಲೇಡು, ಹೈಡ್ರೋಜನ್ ಪೆರಾಕ್ಸೈಡ್ ಮನೆಯಿಂದಲೇ ಹೊರಗಿರಲಿ.

‘ಜ್ವರ ಬಂದರೆ ಬನ್ನಿ’ ಎಂಬ ಸಾಲನ್ನು ಕರಪತ್ರದಿಂದ ಅಳಿಸಿ. ಈ ರೋಗಿಗಳ ಮೈಬಿಸಿ ಮೊದಲೇ ಕಡಿಮೆ, ರೋಗನಿರೋಧಕ ಪ್ರತಿಕ್ರಿಯೆ ಮಂದ. ಮೂಳೆಗೆ ಸೋಂಕು ಇಳಿದರೂ ಜ್ವರ ಬಾರದಿರಬಹುದು, ಬಿಳಿರಕ್ತಕಣ ಏರದಿರಬಹುದು. ಕಾರಣವಿಲ್ಲದೆ ಶುಗರ್ ಏರುವುದು, ವಾಸನೆ, ಕಾಲುಚೀಲದಲ್ಲಿ ಕಲೆ: ಇವನ್ನು ನಂಬಲಿ. ಅಂದಹಾಗೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಚೆನ್ನಾಗಿದೆ ಎಂದು ನೆಮ್ಮದಿಪಡಬೇಡಿ. ಕೆಂಪುರಕ್ತಕಣ ಬೇಗ ಸಾಯುವುದರಿಂದಲೂ ಎರಿಥ್ರೋಪೊಯೆಟಿನ್ (ಕೆಂಪುರಕ್ತಕಣ ಹೆಚ್ಚಿಸುವ ಔಷಧ) ಕೊಡುವುದರಿಂದಲೂ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಎರಡು ವಿಶೇಷಗಳು. ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಊದಿ, ಹುಣ್ಣಿಲ್ಲದೆ, ನೋವೂ ಅಷ್ಟಿಲ್ಲದೆ ಇದ್ದರೆ ಶಾರ್ಕೋ ಪಾದ ಇರಬಹುದು, ಮೂಳೆ ಒಳಗೇ ಪುಡಿಯಾಗುತ್ತಿರುತ್ತದೆ. ಎರಡೂ ಪಾದ ಊದುವುದು ನೀರಿನಿಂದ; ಒಂದೇ ಊದಿದರೆ ‘ಡ್ರೈ ವೇಟ್ ಇಳಿಸೋಣ’ ಎನ್ನಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಎರಡೂ ಪಾದದ ಒಂದೇ ಜಾಗದ ತಾಪ ಅಳೆಯಿರಿ. ಎರಡು ದಿನ ಸತತ 2.2 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ನಡಿಗೆ ನಿಲ್ಲಿಸಿ ತಜ್ಞರಿಗೆ ತೋರಿಸಬೇಕು. ಕಣ್ಣಿಗೇ ಕಾಣುವಷ್ಟು ಕೆಂಪು, ಊತ ಇದ್ದರೆ ಎರಡನೇ ದಿನಕ್ಕೂ ಕಾಯಬೇಡಿ. ಇನ್ನೊಂದು, ಗಾಯ ಚಿಕ್ಕದು, ನೋವು ವಿಪರೀತ, ಸುತ್ತ ಬಲೆಯಂತೆ ನೇರಳೆ ಬಣ್ಣ: ಅದು ಸಾಧಾರಣ ಮಧುಮೇಹ ಹುಣ್ಣಲ್ಲ. ಕ್ಯಾಲ್ಸಿಫೈಲ್ಯಾಕ್ಸಿಸ್ (ಚರ್ಮದ ಸಣ್ಣ ನಾಳಗಳಲ್ಲಿ ಸುಣ್ಣ ಕೂತು ಚರ್ಮ ಸಾಯುವ ಕಾಯಿಲೆ) ಇರಬಹುದು, ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅಂದೇ ಕೇಳಿ.

ವ್ಯಾಂಕೊಮೈಸಿನ್‌ನಂಥ ಆಂಟಿಬಯಾಟಿಕ್ ಇಂಜೆಕ್ಷನ್‌ಗಳನ್ನು ಡಯಾಲಿಸಿಸ್‌ನ ಕೊನೆಗೆ ಕೊಡುವ ವ್ಯವಸ್ಥೆ ಇದ್ದರೆ, ಡಯಾಲಿಸಿಸ್ ತಪ್ಪಿಸಿದರೆ ಪಾದದ ಔಷಧವೂ ತಪ್ಪಿತು ಎಂದು ರೋಗಿಗೆ ಹೇಳಿ. ಇದು ಅವರಿಗೆ ಹೊಳೆಯುವುದಿಲ್ಲ.

ಕೈಗವಸು:
ಉಗುರಿನ ಬಗ್ಗೆ ಒಂದೇ ಮಾತು. ಡಯಾಲಿಸಿಸ್ ಆದ ದಿನ ಬೇಡ, ಹೆಪಾರಿನ್ (ಮಷೀನಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ) ಇಳಿದಿರುವುದಿಲ್ಲ. ಕಡಿಮೆ ಅಣುತೂಕದ ಹೆಪಾರಿನ್ ಆದರೆ ಕಿಡ್ನಿ ಇಲ್ಲದವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಬಿಡುವಿನ ದಿನ, ಅರದಿಂದ ಉಜ್ಜಿದರೆ ಸಾಕು. ದಪ್ಪಗಟ್ಟಿದ ಉಗುರಿಗೆ ಮನೆಯ ಕತ್ತರಿ ಹಾಕಬಾರದು.

ನಾಡಿ_ಮಿಡಿತ:
ಪಾದ ಮುಗಿದ ಮೇಲೆ ಫಿಸ್ಟುಲಾ ಇರುವ ಕೈಯ ಬೆರಳ ತುದಿಗಳನ್ನೂ ಒಮ್ಮೆ ನೋಡಿ. ಫಿಸ್ಟುಲಾ ರಕ್ತ ಕದ್ದುಕೊಂಡರೆ ಬೆರಳು ತಣ್ಣಗೆ ಬಿಳುಚಿ, ತುದಿಯಲ್ಲಿ ಹುಣ್ಣಾಗುತ್ತದೆ. ಡಯಾಲಿಸಿಸ್ ನಡೆಯುವಾಗ ಕೈನೋವು ಹೆಚ್ಚುವುದೂ ಅದರ ಗುರುತು.

ಮೂರನೇ_ಪಾಳಿ:
ಕೊನೆಯದೊಂದು. ಈಗಾಗಲೇ ಒಂದು ಕಾಲು ಮೊಣಕಾಲಿನ ಕೆಳಗೆ ತೆಗೆದಿರುವವರಿಗೆ ಪಾಠ ಹೇಗೆ ಬದಲಾಗಬೇಕು?

ತೊಗಲು:
ಉಳಿದ ಕಾಲು ಈಗ ಎರಡು ಕಾಲಿನ ಭಾರ ಹೊರುತ್ತದೆ, ಅದಕ್ಕೆ ಮೇಲಿನದೆಲ್ಲ ಪ್ರತಿ ಸಲವೂ ಬೇಕು. ಮೊಂಡುಗಾಲಿಗೆ ಬೇರೆ ಪಾಠ. ಅದೂ ಪಾದದ ಹಾಗೆಯೇ ಊದುತ್ತದೆ, ಇಳಿಯುತ್ತದೆ. ಡಯಾಲಿಸಿಸ್‌ಗೆ ಮೊದಲು ಕೃತಕ ಕಾಲಿನ ಬಟ್ಟಲಿಗೆ ಒಂದು ಪದರ ಕಾಲುಚೀಲದಲ್ಲಿ ಸರಿಹೊಂದಿದ್ದು ನಂತರ ಸಡಿಲವಾಗಿ, ಮೊಂಡು ತಳಕ್ಕೆ ಇಳಿದು ತುದಿಯ ಮೂಳೆ ಒತ್ತುತ್ತದೆ. ಎದ್ದು ನಿಲ್ಲುವ ಮೊದಲು ಒಂದೆರಡು ಪದರ ಚೀಲ ಹೆಚ್ಚಿಗೆ ಹಾಕಿಕೊಳ್ಳಲು ಕಲಿಸಿ, ಹೆಚ್ಚಿನ ಚೀಲ ಬ್ಯಾಗಿನಲ್ಲೇ ಇರಲಿ. ಕುರ್ಚಿಯಲ್ಲಿ ಕೂತಾಗ ಕೃತಕ ಕಾಲು ಬಿಚ್ಚಿಸಿ ಮೊಂಡಿನ ಚರ್ಮ ನೋಡಿ.

ಹಿಮ್ಮಡಿ:
ಬಿಚ್ಚಿಸುವುದಾದರೆ ತೂಕದ ವಿಷಯವನ್ನೂ ಬರೆದುಕೊಳ್ಳಿ. ಮೊಣಕಾಲಿನ ಕೆಳಗಿನ ಕೃತಕ ಕಾಲು, ಶೂ ಸೇರಿ 2 ಕಿಲೋ ತೂಗಬಹುದು. ಬಂದಾಗ ಅದನ್ನು ಹಾಕಿಕೊಂಡು ತೂಗಿ, ಡ್ರೈ ವೇಟ್ ಅದಿಲ್ಲದೆ ತೂಗಿದ್ದಾಗಿದ್ದರೆ ಮಷೀನ್‌ಗೆ 2 ಲೀಟರ್ ಹೆಚ್ಚಿಗೆ ತೆಗೆಯಲು ಹೇಳಿದ ಹಾಗಾಯಿತು. ಬಿಪಿ ಬೀಳುತ್ತದೆ, ಉಳಿದ ಪಾದದ ರಕ್ತವೂ ಕಡಿಮೆಯಾಗುತ್ತದೆ. ತಕ್ಕಡಿಯ ಪಕ್ಕದ ಹಾಳೆಯಲ್ಲಿ ಆ ರೋಗಿಯ ಹೆಸರಿನ ಎದುರು ‘ಕಾಲು ಸಹಿತ’ ಅಥವಾ ‘ಕಾಲು ರಹಿತ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಿ, ಮೊದಲೂ ನಂತರವೂ ಹಾಗೆಯೇ ತೂಗಿ. ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಮೊದಲ ದಿನವೇ ಹಳೆಯ ಡ್ರೈ ವೇಟ್ ಹೊಡೆದುಹಾಕಿ ಹೊಸದನ್ನು ಗೊತ್ತುಮಾಡಬೇಕು. ಇಲ್ಲಿ ತಪ್ಪು ತಿರುಗುಮುರುಗು: ಕತ್ತರಿಸಿದ ಕಾಲಿನ ತೂಕ ಹಳೆಯ ಅಂಕಿಯಲ್ಲೇ ಇರುತ್ತದೆ, ಮಷೀನ್ ಅಷ್ಟು ನೀರನ್ನು ಮೈಯಲ್ಲೇ ಬಿಡುತ್ತದೆ, ಉಳಿದ ಪಾದ ಊದಿಕೊಂಡು ಶೂ ಒಳಗೆ ಹೋಗುವುದಿಲ್ಲ.